ರೆಕ್ಕೆಮನೆಯ ಬಸ್ಸು

ನಂಜನಗೂಡು
9-11-2025, ಭಾನುವಾರ

ಮಗ ದಿವ್ಯ,

ಕೆಟ್ಟ ಕನಸು ಬಿತ್ತು ಕಣವ್ವ. ಮಧ್ಯಾಹ್ನ ಉಂಡು ಹಾಗೇ ಅಡ್ಡಾಗಿದ್ದೆ. ನೀನು ಓದೋಕೆ ಹೋಗಿರೋ ದೇಶದ ಬಸ್ಸಂತೆ. ನಾನು ಕೆಳಗೆ ನಿಂತಿದ್ದೇನೆ, ಬಸ್ಸು ನಿಧಾನಕ್ಕೆ ಹೊರಡುತ್ತಿದೆ. ಕಿಟಕಿಗಳಿಗೆಲ್ಲ ಗಾಜು, ಒಂದೂ ತೆಗೆಯುವ ಹಾಗಿಲ್ಲ. ಒಳಗಿನಿಂದ ಯಾರೋ ಬೆರಳಿನಲ್ಲಿ ಟಕ್ ಟಕ್ ಅಂತ ಬಡಿಯುತ್ತಿದ್ದಾರೆ. ಮುಖ ಕಾಣಲಿಲ್ಲ, ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿತ್ತು. ಬಸ್ಸು ಹೋದ ಕಡೆ ನೋಡಿದರೆ ಊರೇ ಇಲ್ಲ, ಬರೀ ನೀರು. ನೀರಿನ ಆಚೆ ಒಂದು ರೆಕ್ಕೆಮನೆ ತನ್ನ ಪಾಡಿಗೆ ತಾನು ತಿರುಗುತ್ತಿದೆ.

ಎದ್ದು ನೋಡಿದರೆ ಟಕ್ ಟಕ್ ಅನ್ನುತ್ತಿದ್ದದ್ದು ಪಕ್ಕದ ಮನೆ ಶ್ವೇತ, ಬಾಗಿಲಲ್ಲಿ. "ಇದೇನ್ ಪಾಪಕ್ಕ, ಅಗಲೊತ್ನಲ್ಲೇ ಇಂಗೆ ಬೆವ್ತೋಗಿದ್ದೀಯ" ಅಂದಳು. ನಾನು ಬರೆದ ಕಾಗದವನ್ನು ಫೋಟೋ ಹೊಡೆದು ನಿನ್ನ ಮೊಬೈಲಿಗೆ ಕಳಿಸೋದು ಇನ್ನು ಮೇಲೆ ಅವಳ ಕೆಲಸ. ಫೋನಿನಲ್ಲಿ ನನಗೆ ಹೂಂ, ಊಟ ಆಯ್ತು, ಮಳೆ ಇಲ್ಲ ಅನ್ನೋದು ಬಿಟ್ಟರೆ ಬೇರೆ ಬಾಯಿಗೆ ಬರೋದಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಅಕ್ಷರ, ಸೊಟ್ಟ ಇದ್ದರೆ ನೇರ ಮಾಡಿಕೊಂಡು ಓದು.

ಓದು ಮುಗಿಯೋ ಮುಂಚೆ ಏಪ್ರಿಲ್‌ನಲ್ಲಿ ಹದಿನೈದು ದಿನ ಬಂದುಹೋಗು ಅತ್ತೆ ಅಂತ ಕರೆದಿದ್ದೀಯ. ನಿಮ್ಮಮ್ಮ ಹೋದಾಗ ನೀನು ಎರಡು ವರ್ಷದ ಕೂಸು, ಆಗಿಂದ ಸಾಕಿದ ಕೈ ಅಂತ ತಾನೇ ಕರೆದಿರೋದು. ಬರೋದಿಲ್ಲ ಅನ್ನೋಕೆ ನನಗೆ ಬಾಯಿಲ್ಲ. ಆದರೆ ಕಳಿಸಿದ್ದೆಯಲ್ಲ ಆ ಪಟ, ಆ ರೆಕ್ಕೆಮನೆ, ಕೆಂಪು ಮೊಗ್ಗಿನ ಹೂವಿನ ಸಾಲು, ಅದೆಲ್ಲ ನನಗೆ ಬೇಡ. ನಿನ್ನ ರೂಮು ನೋಡ್ತೀನಿ. ನೀನು ಮಣ್ಣು ಸೋಸಿ ಓದೋ ಜಾಗ ನೋಡ್ತೀನಿ. ಸೊಪ್ಪು ಸಿಕ್ಕಿದರೆ ಮಸ್ಸೊಪ್ಪು ಮಾಡಿ ಮುದ್ದೆ ತಿರುವಿ ಇಕ್ಕುತ್ತೀನಿ. ಸಾಕು.

ತಾಂಡ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್‌ನಲ್ಲಿದ್ದಾಗ ಅಂಟುಪಟ್ಟಿ ಹಾಕಿದ ಡಬ್ಬವನ್ನೂ ಬಿಚ್ಚಿ ಮತ್ತೆ ನೋಡುತ್ತಿದ್ದವಳು ನಾನು. ಎಲ್ಲರೂ ನಗುತ್ತಿದ್ದರು. ಅದಕ್ಕೇ ಕೇಳುತ್ತೇನೆ, ನಗಬೇಡ. ಅಲ್ಲಿ ಬಸ್ಸಿನ ಕಿಟಕಿ ತೆಗೆಯೋಕೆ ಆಗುತ್ತಾ? ಬಾಗಿಲಲ್ಲಿ ಯಾರು ನಿಂತಿರುತ್ತಾರೆ? ಹೊರಡೋ ಮುಂಚೆ ಒಳಗಿರೋರು ಯಾರು ಯಾರ ಕಡೆಯವರು ಅಂತ ಒಬ್ಬರಾದರೂ ನೋಡುತ್ತಾರಾ?

ಇಲ್ಲಿ ನಾನಿದ್ದೇನೆ, ಅಲ್ಲಿ ನೀನಿದ್ದೀಯ. ಸದ್ಯಕ್ಕೆ ಅಷ್ಟು ಗೊತ್ತಿದ್ದರೆ ಆಯಿತು.

ನಿನ್ನ ಅತ್ತೆ
ಪಾಪಮ್ಮ


ವಾಗೆನಿಂಗನ್
16-11-2025

ಅತ್ತೆ,

ಜೈಭೀಮ್. ನಿನ್ನ ಕಾಗದ ಲ್ಯಾಬಿನಲ್ಲಿ ಕೂತು ಓದಿದೆ. ಪಕ್ಕದವಳು ಯಾವ ಲಿಪಿ ಇದು, ಇಷ್ಟು ದುಂಡಗಿದೆ ಅಂದಳು. ನಮ್ಮತ್ತೆಯದು ಅಂದೆ.

ಒಂದೊಂದಾಗಿ ಹೇಳುತ್ತೇನೆ. ಕಿಟಕಿ ತೆಗೆಯೋಕೆ ಆಗಲ್ಲ, ಚಳಿ. ಬಾಗಿಲಲ್ಲಿ ಯಾರೂ ನಿಲ್ಲಲ್ಲ, ಕಂಡಕ್ಟರೇ ಇಲ್ಲ. ಹತ್ತುವಾಗ ಒಂದು ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು, ಟಿಣ್ ಅನ್ನುತ್ತೆ. ಇಳಿಯುವಾಗ ಮರೆಯದೆ ಮತ್ತೆ ತೋರಿಸಬೇಕು. ಮರೆತು ಇಳಿದುಬಿಟ್ಟರೆ ನೀನಿನ್ನೂ ಬಸ್ಸಿನಲ್ಲೇ ಕೂತಿದ್ದೀಯ ಅಂತ ಅದು ಅಂದುಕೊಂಡಿರುತ್ತೆ.

ಈಗ ಪ್ಲಾನು. ಬೇಡ ಅಂದರೂ ಓದು. ಮೊದಲನೇ ದಿನ ಗಾಳಿಗಿರಣಿ. ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಏಡೆ ಅನ್ನುವ ರೈಲ್ವೆ ಸ್ಟೇಷನ್. ಅಲ್ಲಿಂದ ರೈಲಿನಲ್ಲಿ ಗಂಟೆ ಚಿಲ್ಲರೆ, ಆಮ್‌ಸ್ಟರ್‌ಡ್ಯಾಂ. ಆ ಸ್ಟೇಷನ್ನಿನ ಹಿಂಬದಿಗೆ ನೀರಿನ ಪಕ್ಕ ಬಸ್‌ಸ್ಟ್ಯಾಂಡು. ಅಲ್ಲಿಂದ ಮುಕ್ಕಾಲು ಗಂಟೆ. ಬೇಗ ಹೋಗುವ ರೈಲೂ ಇದೆ, ಆದರೆ ಇಳಿದ ಮೇಲೆ ನಡೆಯಬೇಕು, ನಿನ್ನ ಮಂಡಿ ನೆನೆದು ಬಸ್ಸೇ ಇರಲಿ ಅಂತ ಬರೆದುಕೊಂಡೆ. ಎಲ್ಲಿ ಇಳಿಯೋದು ಅನ್ನೋ ಚಿಂತೆಯೂ ಇಲ್ಲ, ಆ ಬಸ್ಸಿನ ಕೊನೇ ಸ್ಟಾಪೇ ಗಾಳಿಗಿರಣಿ. ಎರಡನೇ ದಿನ ಟ್ಯುಲಿಪ್. ಲೈಡನ್‌ವರೆಗೆ ರೈಲು, ಅಲ್ಲಿಂದ ಹೂತೋಟಕ್ಕೆ ಅಂತಲೇ ಬಿಡುವ ಬಸ್ಸು. ವರ್ಷಕ್ಕೆ ಎಂಟು ವಾರ ಮಾತ್ರ ಆ ತೋಟ ತೆಗೆದಿರುತ್ತೆ, ಅದಕ್ಕೇ ಏಪ್ರಿಲ್ ಅಂದದ್ದು.

ಗಾಳಿಗಿರಣಿಗೆ ರೆಕ್ಕೆಮನೆ ಅಂತ ಬರೆದಿದ್ದೀಯಲ್ಲ, ಎಷ್ಟು ಚೆನ್ನಾಗಿದೆ ಆ ಮಾತು. ಯಾರು ಹೇಳಿಕೊಟ್ಟರು?

ಯಾಕೆ ಇಷ್ಟು ಹಟ ಅಂತ ಹೇಳಿಬಿಡುತ್ತೇನೆ. ನನಗೆ ಆರೋ ಏಳೋ ವಯಸ್ಸು. ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಫೋಟೋ ಸಿಕ್ಕಿತ್ತು. ನೀನು ಎರಡು ಜಡೆ ಹಾಕಿಕೊಂಡು ನಿಂತಿದ್ದೀಯ. ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳು ನಿನ್ನ ಲಂಗ ಹಿಡಿದುಕೊಂಡಿದ್ದಾಳೆ. ಹಿಂದೆ ಸ್ಟುಡಿಯೋ ಪರದೆ, ಅದರಲ್ಲಿ ಗಾಳಿಗಿರಣಿ, ಟ್ಯುಲಿಪ್ ಸಾಲು. ಅಜ್ಜಿ ಬಂದವರೇ ಕಿತ್ತುಕೊಂಡು ಟ್ರಂಕಿಗೆ ಬೀಗ ಹಾಕಿದರು. ಸರ್ಕಾರದ ಸ್ಕಾಲರ್‌ಶಿಪ್ಪಿಗೆ ದೇಶ ಆರಿಸುವಾಗ, ಮಣ್ಣಿನ ಓದಿಗೆ ಇದೇ ಒಳ್ಳೆಯ ಜಾಗ ಅಂತ ಎಲ್ಲರಿಗೂ ಹೇಳಿದೆ. ಅದೂ ನಿಜವೇ. ಆದರೆ ತಲೆಯಲ್ಲಿದ್ದದ್ದು ಆ ಫೋಟೋ. ಪರದೆಯ ಮುಂದೆ ನಿಂತವಳನ್ನು ಒಂದು ದಿನ ನಿಜವಾದದ್ದರ ಮುಂದೆ ನಿಲ್ಲಿಸಬೇಕು ಅಂತ.

ಪಾಸ್‌ಪೋರ್ಟಿಗೆ ಹಾಕು. ಬೈದರೂ ಪರವಾಗಿಲ್ಲ, ಹಾಕಿಬಿಟ್ಟು ಬೈ.

ನಿನ್ನ
ದಿವ್ಯ


ನಂಜನಗೂಡು
14-12-2025

ಮಗ,

ತಡ ಆಯಿತು. ಕೈ ಓಡಲಿಲ್ಲ.

ಪಾಸ್‌ಪೋರ್ಟಿನವರು ಬೆರಳು ಒತ್ತಿಸಿಕೊಂಡು ಫೋಟೋ ತೆಗೆದರು. ಹಿಂದೆ ಬಿಳೀ ಗೋಡೆ, ಅಷ್ಟೇ. ಒಳ್ಳೆಯದಾಯಿತು. ಪೊಲೀಸಿನವರು ಮನೆಗೆ ಬಂದು ಕೇಳಿ ಹೋದರು. ಪೊಲೀಸು ಅಂದರೆ ನಾನು ಈಗಲೂ ಬಾಗಿಲ ಹಿಂದೆ ನಿಂತೇ ಮಾತಾಡೋದು, ಅವರು ಒಳ್ಳೆಯವರೇ, ಕಾಫಿ ಕುಡಿದರು.

ಆ ಫೋಟೋದಲ್ಲಿರೋದು ದೇವನೂರಲ್ಲಿದ್ದಾಗ ಪಕ್ಕದ ಮನೆ ಹುಡುಗಿ. ಹೆಸರು ನೆನಪಿಲ್ಲ. ಅದನ್ನು ಅಲ್ಲಿಗೇ ಬಿಡು.

ನಿಂಗರಾಜಣ್ಣ ಗೊತ್ತಲ್ಲ, ಎದುರು ಮನೆ, ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರಾದವರು. ನಿನ್ನ ಪ್ಲಾನು ಓದಿಸಿ ಕೇಳಿ ಮೂರು ದಿನದಿಂದ ಬೀದಿಗೆಲ್ಲ ಅವರೇ ಹೇಳಿಕೊಂಡು ಬರುತ್ತಿದ್ದಾರೆ. "ಕಂಡಕ್ಟ್ರೇ ಇಲ್ದಿದ್ ಮ್ಯಾಲೆ ಅದೆಂಥ ಬಸ್ಸಮ್ಮಿ, ಪೆಟ್ಗೆ ಅದು" ಅಂದರು. ಆಮೇಲೆ ಗಂಭೀರವಾಗಿ ಕೇಳಿದರು, "ಅಲ್ಲಾ, ರಶ್ಶಾದ್ರೆ ಸೀಟೆಂಗಿಡೀತಾರಂತೆ? ಕಿಟ್ಕೀನೇ ತೆಗಿಯಕ್ಕಾಗಲ್ಲ ಅಂದ್ರೆ ಟವಲ್ ಎಲ್ಲಾಕ್ತಾರೆ? ಮಕ್ಳ ಎಲ್ ತೂರ್ತಾರೆ?" ಶ್ವೇತ ಬಿದ್ದು ಬಿದ್ದು ನಕ್ಕಳು. "ಯಾಕ್ ನಗ್ತೀಯ, ನನ್ ಸರ್ವೀಸಲ್ಲಿ ಕಿಟ್ಕೀಲಿ ಬಂದ್ ಮಕ್ಕಳೇ ಜಾಸ್ತಿ, ಬಾಗ್ಲಲ್ಲಿ ಬಂದೋರ್ಗಿಂತ. ಮೊದ್ಲು ಕೂಸು, ಆಮ್ಯಾಕೆ ಚೀಲ, ಆಮ್ಯಾಕೆ ಟಿಕೀಟು" ಅಂದರು.

ನಾನು ಒಲೆ ಮೇಲೆ ಹಾಲಿದೆ ಅಂತ ಒಳಗೆ ಬಂದೆ. ಹಾಲಿರಲಿಲ್ಲ.

ಒಂದು ಕೇಳಬೇಕು. ಇಳಿಯುವಾಗ ಕಾರ್ಡು ತೋರಿಸದೆ ಹೋದವರನ್ನು ಆಮೇಲೆ ಯಾರಾದರೂ ಹುಡುಕುತ್ತಾರಾ? ಎಷ್ಟು ದಿನ ಹುಡುಕುತ್ತಾರೆ?

ವೀಸಾಕ್ಕೆ ನಿನಗೂ ನನಗೂ ಏನು ಸಂಬಂಧ ಅಂತ ತೋರಿಸಲು ವಂಶವೃಕ್ಷ ಮಾಡಿಸಿ ಇಟ್ಟುಕೊಳ್ಳಿ ಅಂದರಂತೆ, ಅರ್ಜಿ ತುಂಬಿಕೊಡುವವರು. ನಿಮ್ಮಪ್ಪ ರಾಜೇಂದ್ರ ದೇವನೂರಿನಿಂದ ಬರ್ತೀನಿ ಅಂದಿದ್ದಾನೆ. ಅದಿಲ್ಲದೆ ಆಗೋದಿಲ್ಲವಾ ಅಂತ ಇನ್ನೊಂದು ಸಲ ವಿಚಾರಿಸು.

ಬೆಚ್ಚಗಿರು.

ಪಾಪಮ್ಮ


ವಾಗೆನಿಂಗನ್
18-1-2026

ಅತ್ತೆ,

ಇಲ್ಲಿ ಹಿಮ ಬಿದ್ದಿದೆ. ಅದರ ಬಗ್ಗೆ ಬರೆಯಬೇಕು ಅಂತ ಕೂತೆ, ಆಗುತ್ತಿಲ್ಲ.

ಅಪ್ಪ ವಂಶವೃಕ್ಷದ ಫೋಟೋ ಕಳಿಸಿದ್ದರು. ತಾತ ಕರಿಯಯ್ಯ, ಅಜ್ಜಿ, ಕೆಳಗೆ ಮೂರು ಗೆರೆ. ನಾನು ಇಷ್ಟು ದಿನ ಎರಡೇ ಅಂದುಕೊಂಡಿದ್ದೆ. ಪಾಪಮ್ಮ. ರಾಜೇಂದ್ರ. ನಿಮ್ಮಿಬ್ಬರ ನಡುವೆ ಕೋಮಲ. ಪಕ್ಕದ ಕಲಮಿನಲ್ಲಿ ಬದುಕಿದ್ದಾರೆ ಅಂತಲೂ ಇಲ್ಲ, ತೀರಿಕೊಂಡಿದ್ದಾರೆ ಅಂತಲೂ ಇಲ್ಲ. "ಮಾಹಿತಿ ಇಲ್ಲ" ಅಂತ ಇದೆ.

ಅಪ್ಪನಿಗೆ ಫೋನ್ ಮಾಡಿದೆ. "ನಾನಾಗ ತೊಟ್ಲಲ್ಲಿದ್ದೆ ಮಗ. ನಿಮ್ಮತ್ತೇನೇ ಕೇಳು. ಕೇಳ್ದಿದ್ರೂ ಸರಿ" ಅಂದು ಇಟ್ಟುಬಿಟ್ಟರು.

ಅಜ್ಜಿ ಕೊನೆಕೊನೆಗೆ ನನ್ನನ್ನು ಕೋಮಲ ಅಂತ ಕರೆಯುತ್ತಿದ್ದರು. ಮಂಪರು ಅಂದುಕೊಂಡು ನಾನೂ ಊಂ ಅನ್ನುತ್ತಿದ್ದೆ. ಒಂದು ಸಲ ನನ್ನ ಮುಂಗೈ ಹಿಡಿದು, "ಉಂಡಿಯಾ? ಯಾರಿಕ್ಕಿದ್ರು?" ಅಂದರು. ನೀನು ಪಕ್ಕದಲ್ಲೇ ಇದ್ದೆ. ಎದ್ದು ಆಚೆ ಹೋದೆ.

ಫೋಟೋದಲ್ಲಿರುವುದು ಪಕ್ಕದ ಮನೆ ಹುಡುಗಿಯಲ್ಲ, ಅಲ್ಲವಾ?

ಬರೆಯೋಕೆ ಆಗದಿದ್ದರೆ ಬರೆಯಬೇಡ. ಆದರೆ ನಿನ್ನನ್ನು ಇಲ್ಲಿಗೆ ಕರೆಸಿ ಯಾವುದರ ಮುಂದೆ ನಿಲ್ಲಿಸುತ್ತಿದ್ದೇನೆ ಅಂತ ನನಗೆ ಗೊತ್ತಿರಬೇಕು.

ದಿವ್ಯ


ನಂಜನಗೂಡು
1-2-2026

ಮಗ ದಿವ್ಯ,

ಇದನ್ನು ಶ್ವೇತಳ ಕೈಗೆ ಕೊಡಲಿಲ್ಲ. ಲಕೋಟೆ ತಂದು, ನಿನ್ನ ವಿಳಾಸವನ್ನು ಪಟ ಬರೆದ ಹಾಗೆ ನೋಡಿ ನೋಡಿ ಬರೆದು, ನಾನೇ ಪೋಸ್ಟಾಫೀಸಿಗೆ ಹೋಗಿ ಹಾಕುತ್ತೇನೆ. ಮೂರು ವಾರ ಆಗಬಹುದು ಅಂದರು. ಆಗಲಿ. ನಲವತ್ನಾಲ್ಕು ವರ್ಷ ಆಗಿದೆಯಲ್ಲ.

ಕೋಮಲ ನನ್ನ ತಂಗಿ. ನನಗಿಂತ ಏಳು ವರ್ಷ ಚಿಕ್ಕವಳು.

ವಂಶವೃಕ್ಷ ಬರೆಯುವ ಮರಿಸ್ವಾಮಿ ಅನ್ನುವವರು ಹಳೇ ರೇಷನ್ ಕಾರ್ಡು ನೋಡಿ ಕೇಳಿದರು, "ಈವಮ್ಮ ಕೋಮಲ ಅನ್ನೋರು ಬದುಕವ್ರಾ, ಓಗ್ಬುಟ್ರಾ?" ರಾಜೇಂದ್ರ ನನ್ನ ಮುಖ ನೋಡಿದ. ನನ್ನ ಬಾಯಲ್ಲಿ "ಬಸ್ಸಲ್ಲವ್ಳೆ ಸಾ" ಅಂತ ಬಂದುಬಿಟ್ಟಿತು. ಅವರು ಪೆನ್ನನ್ನು ಕಲಮುಗಳ ಮೇಲೆ ಒಂದು ಸಲ ಆಡಿಸಿದರು. "ಅಂಗಂತ ಒಂದು ಕಲಮಿಲ್ವಲ್ಲಮ್ಮ" ಅಂದರು. ಬೈಯಲಿಲ್ಲ, ಮೆತ್ತಗೆ ಅಂದರು.

ಸಾವಿರದ ಒಂಬೈನೂರ ಎಂಬತ್ತೆರಡು, ಮೇ ತಿಂಗಳು. ನನಗೆ ಹದಿಮೂರು, ಅವಳಿಗೆ ಆರು. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಬೇಕು. ನಮ್ಮ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಸ್ಕೂಲಿಗೆ ಹೋಗುವುದು ಅದೇ ಮೊದಲು ಅಂತ ಅಪ್ಪನಿಗೆ ಹೆಮ್ಮೆ. ನರಸೀಪುರದಲ್ಲಿ ಸೋದರತ್ತೆ ಮನೆ ಮದುವೆ ಇತ್ತು. ರಾಜೇಂದ್ರ ಕೈಕೂಸು ಅಂತ ಅಮ್ಮ ಬರಲಿಲ್ಲ. ಅಪ್ಪ, ನಾನು, ಕೋಮಲ ಹೊರಟೆವು. ದಾರಿಯಲ್ಲಿ ನಂಜನಗೂಡಿನಲ್ಲಿ ಇಳಿದು ಫೋಟೋ ತೆಗೆಸಿದರು. ನಂಜುಂಡಸ್ವಾಮಿ ಅನ್ನೋರ ಸ್ಟುಡಿಯೋ. ಈಗ ಅಲ್ಲಿ ಮೊಬೈಲ್ ಅಂಗಡಿ. ಗೋಡೆಗೆ ಪರದೆ ಇಳಿಬಿಟ್ಟಿದ್ದರು. ಕೋಮಲ ಅದನ್ನು ಕಂಡು ಎಷ್ಟೋ ಹೊತ್ತು ಕ್ಯಾಮೆರಾ ಕಡೆ ತಿರುಗಲೇ ಇಲ್ಲ. "ಅಕ್ಕ, ಮನೆಗೆ ರೆಕ್ಕೆ ಅದೆ" ಅಂದಳು. ಹೂವನ್ನು ಮುಟ್ಟಿ ನೋಡಿ, "ಇವಿನ್ನೂ ಬಿಚ್ಚೇ ಇಲ್ವಲ್ಲ" ಅಂದಳು. ರೆಕ್ಕೆಮನೆ ಅವಳ ಮಾತು. ನಿನಗೆ ಯಾರು ಹೇಳಿಕೊಟ್ಟರು ಅಂತ ಕೇಳಿದ್ದೆಯಲ್ಲ.

ಮದುವೆ ಊಟ ಮುಗಿಸಿ ಮೂರು ಗಂಟೆಗೆ ನರಸೀಪುರದ ಬಸ್‌ಸ್ಟ್ಯಾಂಡಿಗೆ ಬಂದೆವು. ಲಗ್ನದ ದಿನ, ಜನ ಕಾಲಿಡೋ ಹಾಗಿಲ್ಲ. ಅಪ್ಪ ಬಾಳೆಹಣ್ಣು ತರುತ್ತೇನೆ, ಬಸ್ಸು ಬಂದರೆ ಸೀಟು ಹಿಡಿದಿರು ಅಂದು ಹೋದರು. ಬಸ್ಸು ಬಂತು. ಯಾರೋ ನಂಜನಗೂಡು, ನಂಜನಗೂಡು ಅಂದರು. ಎಲ್ಲರೂ ಮಾಡುವ ಹಾಗೇ ನಾನೂ ಮಾಡಿದೆ. ಕೋಮಲನ್ನ ಎತ್ತಿ ಕಿಟಕಿಯಲ್ಲಿ ಒಳಗೆ ಬಿಟ್ಟೆ. ಕೈಗೆ ಬಟ್ಟೆ ಚೀಲ ಕೊಟ್ಟು, ಪಕ್ಕದ ಸೀಟಿಗಿಡು ಅಂದೆ. ಓಡಿ ಬಾಗಿಲ ಹತ್ತಿರ ಬಂದರೆ ಕಂಡಕ್ಟರ್ "ಕೊಳ್ಳೇಗಾಲ, ಕೊಳ್ಳೇಗಾಲ" ಅಂತ ಕೂಗುತ್ತಿದ್ದಾರೆ. ಬೋರ್ಡು ಮುಂದುಗಡೆ ಇತ್ತು. ನಾನು ಬಂದದ್ದು ಹಿಂದಿನಿಂದ. ನೋಡಿರಲಿಲ್ಲ.

ಮತ್ತೆ ಕಿಟಕಿಗೆ ಓಡಿದೆ. ಜನ ಬಿಡಲಿಲ್ಲ. "ಒಳಿಕ್ಕೋಗಮ್ಮಿ, ಅಡ್ಡ ಬರ್ಬೇಡ" ಅಂತ ಯಾರೋ ತಳ್ಳಿದರು. ಬಸ್ಸು ಹೊರಟಿತು. ಕಿಟಕಿಯಿಂದ ಅವಳ ಕೈ ಆಚೆ ಬಂತು. ಬೀಸುತ್ತಿತ್ತು. ಸೇತುವೆ ಕಡೆ ತಿರುಗುವ ತನಕ ಓಡಿದೆ.

ಆಮೇಲಿನದ್ದು ಏನು ಬರೆಯಲಿ. ಕೊಳ್ಳೇಗಾಲದಲ್ಲಿ ಬಸ್ಸು ಖಾಲಿಯಾದಾಗ ಸೀಟಿನ ಮೇಲೆ ಚೀಲ ಇತ್ತಂತೆ. ಇನ್ನೊಬ್ಬರಿಗೆ ಅಂತ ಸೀಟು ಹಿಡಿದಿಟ್ಟ ಹಾಗೆ, ಹಾಗೇ ಇತ್ತಂತೆ. ಕೂಸು ಇರಲಿಲ್ಲ. ಕಂಡಕ್ಟರ್ ಹೇಳಿದರು, ಒಂದು ಮಗು ಕಿಟಕಿ ಪಕ್ಕ ಕೂತಿತ್ತು, ಮುಂದಿನ ಸೀಟಿನವರದು ಅಂದುಕೊಂಡೆ ಅಂತ. ಮುಂದಿನ ಸೀಟಿನವರು ಹಿಂದಿನವರದು ಅಂದುಕೊಂಡಿದ್ದರು. ಅಪ್ಪ ನಂಜುಂಡಸ್ವಾಮಿಯವರ ಕಾಲು ಹಿಡಿದು ಮಾರನೇ ದಿನಕ್ಕೇ ಫೋಟೋ ತೊಳೆಸಿದರು. ಇನ್‌ಸ್ಪೆಕ್ಟರ್ ಅದನ್ನು ನೋಡಿ, "ಇದ್ಯಾವೂರಯ್ಯ?" ಅಂದರು. "ನಂಜನಗೂಡೇ ಸಾ, ಪರದೆ" ಅಂದರು ಅಪ್ಪ. ಒಂದು ಪ್ರತಿ ಸ್ಟೇಷನ್ನಿನಲ್ಲಿ ಉಳಿಯಿತು. ಒಂದು ಟ್ರಂಕಿನಲ್ಲಿ. ಅಪ್ಪ ಆ ಕಡೆಯ ಊರೂರು ಎರಡು ವರ್ಷ ಅಲೆದರು. ಆಮೇಲೆ ದೇವನೂರು ಬಿಟ್ಟು ನಂಜನಗೂಡಿಗೆ ಬಂದೆವು. ರಾಜೇಂದ್ರ ಅಲ್ಲಿಗೆ ವಾಪಸ್ಸು ಹೋದದ್ದು ದೊಡ್ಡವನಾದ ಮೇಲೆ. ನಾನು ಸ್ಕೂಲಿಗೆ ಹೋಗಲಿಲ್ಲ. ಯಾರೂ ಹೋಗು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ನನ್ನನ್ನು ಯಾರೂ ಹೊಡೆಯಲಿಲ್ಲ ದಿವ್ಯ. ಒಂದು ಮಾತು ಕೇಳಲಿಲ್ಲ. ಅಮ್ಮ ಮಾತ್ರ ನನ್ನ ಕೈಗೆ ರಾಜೇಂದ್ರನ್ನ ಕೊಡುವಾಗ ಪ್ರತಿ ಸಲ ಒಂದು ಗಳಿಗೆ ಬಿಡದೆ ಹಿಡಿದುಕೊಳ್ಳುತ್ತಿದ್ದಳು.

ಮದುವೆಗೆ ಕೇಳಿಕೊಂಡು ಬಂದವರಿದ್ದರು. ನನ್ನ ಕೈಗೆ ಇನ್ನೊಂದು ಕೂಸು ಬೇಡ ಅಂತ ನಾನೇ ಒಲ್ಲೆ ಅಂದೆ. ಆದರೂ ನೀನು ಬಂದೆ. ನಿನ್ನನ್ನು ನಾನು ಕಿಟಕಿ ಪಕ್ಕ ಕೂರಿಸಿದ್ದು ನೆನಪಿದೆಯಾ? ಇಲ್ಲ. ಕೂರಿಸಿಲ್ಲ.

ನೀನು ಹೇಳಿದ ಆ ಟಿಣ್ ಅನ್ನೋ ಯಂತ್ರ ತಲೆಯಿಂದ ಹೋಗುತ್ತಿಲ್ಲ. ಕೋಮಲ ಇಳಿದಳು ಅಂತ ನನಗೆ ಯಾವ ಸದ್ದೂ ಕೇಳಿಸಿಲ್ಲ.

ಇಷ್ಟೇ.

ಪಾಪಮ್ಮ


ವಾಗೆನಿಂಗನ್
1-3-2026

ಅತ್ತೆ,

ನಿನ್ನ ಲಕೋಟೆ ಬಂದು ನಾಲ್ಕು ದಿನ. ಮೂಲೆಯಲ್ಲಿ ಅನ್ನದ ಅಗುಳಿನಿಂದ ಅಂಟಿಸಿದ್ದೀಯ. ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಈಗ ಒಂದೊಂದೇ ನೆನಪಾಗುತ್ತಿದೆ. ಪ್ರತಿ ಮೇ ತಿಂಗಳಲ್ಲಿ ಒಂದು ದಿನ ನನ್ನನ್ನು ನರಸೀಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹೊಳೆ ನೋಡೋಕೆ ಅನ್ನುತ್ತಿದ್ದೆ. ಹೊಳೆಗೆ ಹೋಗುತ್ತಲೇ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂರಿಸಿ ಚಕ್ಕುಲಿ ಕೊಡಿಸುತ್ತಿದ್ದೆ. ಮೂರು ಗಂಟೆಗೆ ಎದ್ದು ನಿಲ್ಲುತ್ತಿದ್ದೆ. ಒಂದು ಬಸ್ಸು ಹೊರಟ ಮೇಲೆ ನಡಿ ಹೋಗೋಣ ಅನ್ನುತ್ತಿದ್ದೆ. ನಾನು ಚಕ್ಕುಲಿ ಆಸೆಗೆ ಇನ್ನೂ ಸ್ವಲ್ಪ ಕೂರೋಣ ಅಂತ ಹಟ ಮಾಡುತ್ತಿದ್ದೆ. ನನ್ನ ಕೈ ನೋಯುವಷ್ಟು ಹಿಡಿದಿರುತ್ತಿದ್ದೆ ನೀನು.

ನಿನಗೆ ಹದಿಮೂರು ವರ್ಷ. ಎಲ್ಲರೂ ಮಾಡುವುದನ್ನು ಮಾಡಿದೆ. ಇದನ್ನು ಹೇಳಿದರೆ ಏನೂ ಹಗುರಾಗಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ.

ವೀಸಾ ಆಗಿದೆ ಅಂತ ಅಪ್ಪ ಹೇಳಿದರು. ಏಪ್ರಿಲ್ ಹದಿನೆಂಟಕ್ಕೆ ವಿಮಾನ. ಗಾಳಿಗಿರಣಿ ಪ್ಲಾನು ಹರಿದುಹಾಕುತ್ತೇನೆ. ಟ್ಯುಲಿಪ್ಪೂ ಬೇಡ. ನನ್ನ ರೂಮು, ಲ್ಯಾಬು, ಮಸ್ಸೊಪ್ಪು. ನೀನು ಮೊದಲೇ ಹೇಳಿದ್ದೆ, ನಾನು ಕೇಳಲಿಲ್ಲ.

ಒಂದು ಮಾತ್ರ ನನಗೆ ನಿದ್ದೆ ಕೊಡುತ್ತಿಲ್ಲ. ಕೇಳಬಾರದೇನೋ. ಆರು ವರ್ಷದ ಕೂಸು, ಅಕ್ಕ ಹತ್ತದೆ ಬಸ್ಸು ಹೊರಟರೆ ಅಳಬೇಕಲ್ಲ? ಅತ್ತಿದ್ದರೆ ಯಾರಾದರೂ ತಿರುಗಿ ನೋಡುತ್ತಿದ್ದರಲ್ಲ. ಯಾಕೆ ಅಳಲಿಲ್ಲ?

ಉತ್ತರ ಬರೆಯದಿದ್ದರೂ ಏಪ್ರಿಲ್ ಹದಿನೆಂಟಕ್ಕೆ ಹತ್ತು. ನಾನು ಏರ್‌ಪೋರ್ಟಿನ ಬಾಗಿಲಲ್ಲೇ ಇರುತ್ತೇನೆ.

ನಿನ್ನ
ದಿವ್ಯ


ನಂಜನಗೂಡು
15-3-2026, ಭಾನುವಾರ

ಮಗ ದಿವ್ಯ,

ಅಂತೂ ಒಬ್ಬರು ಕೇಳಿದರು. ಪೊಲೀಸು ಕೇಳಲಿಲ್ಲ, ಅಪ್ಪ ಕೇಳಲಿಲ್ಲ, ಅಮ್ಮ ಸಾಯುವ ತನಕ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಹೋದ ಕಾಗದದಲ್ಲಿ ಇಷ್ಟೇ ಅಂತ ಬರೆದಿದ್ದೆ. ಅಷ್ಟೇ ಅಲ್ಲ.

ಸ್ಟುಡಿಯೋದಿಂದ ಆಚೆ ಬರುವಾಗ ಕೋಮಲ ಪರದೆ ಬಿಟ್ಟು ಬರಲಿಲ್ಲ. "ಇದೆಲ್ಲದೆ ಅಕ್ಕ?" ಅಂದಳು. ನಮಗೆ ಬಸ್ಸಿಗೆ ಹೊತ್ತಾಗುತ್ತಿತ್ತು. "ನರಸೀಪುರದಿಂದಾಚ್ಗೆ ಕಣೆ, ಬಸ್ಸೋಯ್ತದೆ, ಬಾ" ಅಂದೆ. ಬಂದಳು. ನರಸೀಪುರದವರೆಗೂ ಅದನ್ನೇ ಕೇಳಿದಳು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತೂ ಅದನ್ನೇ ಕೇಳಿದಳು. ಆಮೇಲೆ, ಆಮೇಲೆ ಅಂದೆ.

ಬಸ್‌ಸ್ಟ್ಯಾಂಡಿನಲ್ಲಿ ಎತ್ತಿದಾಗ ಅವಳು ಕಿಟಕಿಯೊಳಗೆ ಕಾಲು ಹಾಕಲು ಒಲ್ಲೆ ಅಂದಳು. ಅವಳಿಗೆ ಭಯ. ನನ್ನ ಕತ್ತು ಬಿಗಿಯಾಗಿ ಹಿಡಿದುಕೊಂಡಳು. ಹಿಂದಿನಿಂದ ಜನ ನೂಕುತ್ತಿದ್ದಾರೆ. ನನ್ನ ಕಿವಿಯಲ್ಲಿ ಕೇಳಿದಳು, "ಈ ಬಸ್ಸು ರೆಕ್ಕೆಮನೆಗೆ ಓಯ್ತದಾ ಅಕ್ಕ?"

"ಊಂ ಕಣೆ, ಓಯ್ತದೆ. ಓಗಿ ಕೂತ್ಕ. ಯಾರು ಏಳು ಅಂದ್ರೂ ಏಳ್ಬೇಡ" ಅಂದೆ.

ಕತ್ತು ಬಿಟ್ಟಳು. ತಾನೇ ಕಾಲು ಹಾಕಿದಳು.

ಅದಕ್ಕೇ ಅಳಲಿಲ್ಲ. ಕಿಟಕಿಯಿಂದ ಕೈ ಬೀಸಿದಳು ಅಂತ ಬರೆದಿದ್ದೆ. ಕೂಗಿ ಕರೆಯುವ ಹಾಗೆ ಬೀಸಿದಳು ಅಂತ ನೀನು ಅಂದುಕೊಂಡಿರುತ್ತೀಯ. ಅಲ್ಲ. ನಗುತ್ತಿದ್ದಳು. ಏಳಬೇಡ ಅಂದಿದ್ದೆ, ಏಳಲಿಲ್ಲ. ಅಕ್ಕ ಹೇಳಿದ ಬಸ್ಸು ಅಲ್ಲವಾ. ಕೊನೆಗೆ ಎಲ್ಲಿ ಎದ್ದಳೋ, ಯಾರು ಎಬ್ಬಿಸಿದರೋ, ರೆಕ್ಕೆಮನೆ ಇನ್ನೂ ಎಷ್ಟು ದೂರ ಅಂತ ಯಾರನ್ನು ಕೇಳಿದಳೋ. ಅವರು ಏನಂದರೋ. ನನ್ನ ಹಾಗೆ ಊಂ ಅಂದರೋ.

ನೀನು ಕಳಿಸಿದ ಪಟದಲ್ಲಿ ಆ ರೆಕ್ಕೆಗಳನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಆ ಕೈ.

ಪ್ಲಾನು ಹರಿದುಹಾಕಬೇಡ. ಹರಿದಿದ್ದರೆ ಮತ್ತೆ ಬರೆ. ಟ್ಯುಲಿಪ್ಪಿನ ದಿನವೂ ಇರಲಿ, ಅವು ಬಿಚ್ಚುತ್ತವೋ ಇಲ್ಲವೋ ನೋಡಬೇಕು, ಅವಳು ಕೇಳಿದ್ದಳು. ಕೋಮಲ ಅಲ್ಲಿ ಸಿಗುತ್ತಾಳೆ ಅಂತಲ್ಲ ಮಗ, ಅಷ್ಟು ತಿಳಿಯದವಳಲ್ಲ ನಾನು. ಬದುಕಿದ್ದರೆ ಅವಳಿಗೀಗ ಐವತ್ತು. ಆದರೆ ಕನಸಿನಲ್ಲಿ ಅವಳು ಇನ್ನೂ ಆರು ವರ್ಷದವಳಾಗಿಯೇ ಬರುತ್ತಾಳೆ, ಗಾಜಿನ ಆಚೆ. ಬೋಗಳೆ ಜಾಗಕ್ಕೆ ಅವಳೊಬ್ಬಳನ್ನೇ ಕಳಿಸಿ ನಾನಿಲ್ಲಿ ಉಂಡುಕೊಂಡು ಕೂತಿದ್ದೇನೆ. ಆ ಜಾಗ ಇದೆ ಅಂತ ನೀನು ಹೇಳುತ್ತೀಯ. ಬಸ್ಸೂ ಹೋಗುತ್ತೆ ಅನ್ನುತ್ತೀಯ. ಹಾಗಾದರೆ ನಾನು ಹೋಗಬೇಕು. ಟ್ರಂಕಿನ ಫೋಟೋವನ್ನು ಬ್ಲೌಸಿನ ಡಬ್ಬದಲ್ಲಿ ಹಾಕಿ ಬಟ್ಟೆಯ ಮಧ್ಯೆ ಇಟ್ಟಿದ್ದೇನೆ, ಮಡಿಚದ ಹಾಗೆ.

ನಿಂಗರಾಜಣ್ಣನಿಗೆ ಎಲ್ಲ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಕಂಡಕ್ಟರ್ ಆಗಿದ್ದವರು ಅಂತ ಇರಬೇಕು. ಹೆಗಲ ಮೇಲಿನ ಟವಲ್ ತೆಗೆದು ಮಡಿಚಿದರು. ಆಮೇಲೆ, "ಅಳೋ ಮಕ್ಳ ನೋಡ್ಕತಿದ್ವಿ ಪಾಪವ್ವ. ನಗೋ ಮಕ್ಳ ಯಾರೂ ನೋಡ್ತಿರ್ನಿಲ್ಲ" ಅಂದರು. ಎದ್ದು ಹೋಗಿ ಸಂಜೆ ಬಂದು ತಾವು ಬಸ್ಸಿನಲ್ಲಿ ಊದುತ್ತಿದ್ದ ಹಳೇ ಸೀಟಿ ಕೊಟ್ಟರು. "ಅಲ್ಲಿ ಕಂಡಕ್ಟ್ರಿಲ್ವಲ್ಲ, ಮಡಗ್ಕೊ" ಅಂದರು. ಅದನ್ನು ವಿಮಾನದಲ್ಲಿ ಬಿಡುತ್ತಾರಾ?

ಅಲ್ಲಿ ನಾವಿಬ್ಬರೂ ಒಟ್ಟಿಗೇ ಹತ್ತಬೇಕು. ನೀನು ಮುಂದೆ, ನಾನು ಹಿಂದೆ ಅಂತ ಬೇಡ. ಸೀಟು ಸಿಗದಿದ್ದರೆ ನಿಲ್ಲೋಣ. ಇಳಿಯುವಾಗ ನಿನ್ನ ಕಾರ್ಡು, ನನ್ನ ಕಾರ್ಡು ಎರಡೂ ಟಿಣ್ ಅಂದದ್ದು ಕೇಳಿಸಿದ ಮೇಲೇ ಕಾಲು ತೆಗೆಯೋಣ.

ಇನ್ನು ಒಂದು ಕೆಲಸ ಇದೆ. ಎಲ್ಲ ನೋಡಿಯಾಗಿದೆ ಅತ್ತೆ ಅನ್ನಬೇಡ. ಮೊಬೈಲಿನಲ್ಲಿ ನೋಡಿ ಹೇಳಬೇಡ, ಬೋರ್ಡು ನೋಡಿಯೂ ಹೇಳಬೇಡ. ನಾನು ಬರುವ ಮುಂಚೆ ಒಂದು ದಿನ ಆ ಸ್ಟೇಷನ್ನಿನ ಹಿಂದಿನ ಬಸ್‌ಸ್ಟ್ಯಾಂಡಿಗೆ ನೀನೇ ಹೋಗು. ಡ್ರೈವರ್ ಮುಖ ನೋಡಿಕೊಂಡು ಕೇಳು. ಅವರು ಹೊರಡುವ ಅವಸರದಲ್ಲಿ ಊಂ ಅಂದುಬಿಡಬಹುದು, ಅದಕ್ಕೇ ಇನ್ನೊಂದು ಸಲ ಕೇಳು. ಕೇಳಿ ನನಗೆ ಬರೆ, ಆ ಬಸ್ಸು ರೆಕ್ಕೆಮನೆಗೆ ಹೋಗುತ್ತದಾ ಅಂತ.

ನಿನ್ನ ಅತ್ತೆ,
ಕೋಮಲನ ಅಕ್ಕ
ಪಾಪಮ್ಮ